ಮಾತ್ರೆಯ ಲೆಕ್ಕ, ಮೂಳೆಯ ಭಯ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಆಕೆಯ ವಯಸ್ಸು 57. ಮುಟ್ಟು ನಿಂತು 6 ವರ್ಷಗಳಾಗಿದ್ದವು. ಥೈರಾಯ್ಡ್ ಕೊರತೆಗಾಗಿ ಹಲವು ವರ್ಷಗಳಿಂದ ಲೆವೊಥೈರಾಕ್ಸಿನ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಇತ್ತೀಚಿನ ಎರಡು ತಪಾಸಣೆಗಳಲ್ಲಿ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಟಿಎಸ್‌ಎಚ್ ಪ್ರಮಾಣ ಏರಿತ್ತು. ಅದರ ಜೊತೆಗೆ ಬಿಡದ ಮಲಬದ್ಧತೆ, ಆಗಾಗ ಹೊಟ್ಟೆಯುಬ್ಬರ ಇದ್ದವು. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು ಊಟ-ಉಪಚಾರದ ಕ್ರಮವನ್ನೊಮ್ಮೆ ವಿಚಾರಿಸಿ ಎಂಬ ಎರಡು ಸಾಲಿನ ಟಿಪ್ಪಣಿಯೊಂದಿಗೆ ವೈದ್ಯರು ಅವರನ್ನು ಆಹಾರ ಆಪ್ತಸಲಹೆಗಾಗಿ ನನ್ನ ಬಳಿಗೆ ಕಳುಹಿಸಿದ್ದರು. ಮಗಳು ಜೊತೆಗೆ ಬಂದಿದ್ದರು.

ಮೊದಲ ಭೇಟಿಗೆ ಬರುವವರಿಗೆಲ್ಲ ನಾನು ಒಂದು ಮಾತು ಹೇಳಿಕಳುಹಿಸುತ್ತೇನೆ: ಮನೆಯಲ್ಲಿ ನುಂಗುವ ಮಾತ್ರೆಗಳನ್ನೆಲ್ಲ, ವೈದ್ಯರು ಬರೆದುಕೊಟ್ಟಿದ್ದಾಗಲಿ ಇಲ್ಲದಿರಲಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಆಕೆ ಚೀಲ ಬರಿದು ಮಾಡಿದಾಗ ಮೇಜಿನ ಮೇಲೆ ಕ್ಯಾಲ್ಸಿಯಂನದೇ ಎರಡು ಬಗೆಯ ಮಾತ್ರೆ ಪಟ್ಟಿಗಳಿದ್ದವು. ಒಂದು ವೈದ್ಯರು ಹಿಂದೆಂದೋ ಮೂರು ತಿಂಗಳಿಗೆಂದು ಬರೆದುಕೊಟ್ಟದ್ದು. ಅದನ್ನು ನಿಲ್ಲಿಸಿಯೇ ಇರಲಿಲ್ಲ. ಇನ್ನೊಂದು ಹತ್ತಿರದ ನೆಂಟರು ತಮಗೆ ಗುಣ ಕಂಡಿತೆಂದು ಹೇಳಿದ್ದು. ಹೆಸರು, ಬಣ್ಣ, ಪೊಟ್ಟಣ ಎಲ್ಲವೂ ಬೇರೆ. ಒಳಗಿನ ವಸ್ತು ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಮೊದಲನೆಯದನ್ನು ಎರಡು ಹೊತ್ತು, ಎರಡನೆಯದನ್ನು ಒಂದು ಹೊತ್ತು ತೆಗೆದುಕೊಳ್ಳುತ್ತಿದ್ದರು. ಎದೆಯುರಿ ಎಂದಾಗ ಜಗಿಯುವ ಮಾತ್ರೆಯೊಂದಿತ್ತು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎದೆಯುರಿಯ ಮಾತ್ರೆಯನ್ನು ಯಾರೂ ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಕಂಡ ಪ್ರಕರಣಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಪಟ್ಟಿಯ ಹಿಂದೆ 1250 ಮಿಲಿಗ್ರಾಂ ಎಂದು ಅಚ್ಚಾಗಿದ್ದುದನ್ನು ಮಗಳು ತೋರಿಸಿ, ದಿನಕ್ಕೆ ಒಂದೇ ಮಾತ್ರೆ ಸಾಕಲ್ಲವೇ ಎಂದು ಕೇಳಿದರು. ಅದು ಇಡೀ ಸಂಯುಕ್ತದ ತೂಕ. ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ಧಾತುವಿನ ಪಾಲು ಶೇ 40 ಮಾತ್ರ. ಆದ್ದರಿಂದ ಅಂತಹ ಒಂದು ಮಾತ್ರೆಯಿಂದ ಸಿಗುವುದು 500 ಮಿಲಿಗ್ರಾಂ. ಸಿಟ್ರೇಟ್ ರೂಪದಲ್ಲಾದರೆ ಆ ಪಾಲು ಸುಮಾರು ಶೇ 21ಕ್ಕೆ ಇಳಿಯುತ್ತದೆ. ಮೂರು ಮಾತ್ರೆಗಳಿಂದ 1500, ಜಗಿಯುವ ಮಾತ್ರೆಗಳಿಂದ ಸುಮಾರು 400. ಮೂರು ದಿನದ ಊಟದ ವಿವರವನ್ನು ಬರೆಸಿ ನೋಡಿದಾಗ ಹಾಲು, ಮೊಸರು, ಬೇಳೆ, ಸೊಪ್ಪುಗಳಿಂದ ಇನ್ನೊಂದು 650 ಮಿಲಿಗ್ರಾಂ ಸೇರುತ್ತಿತ್ತು. ಒಟ್ಟು 2550. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ ಬೇಕಾದದ್ದು, ಆಹಾರದ ಪಾಲೂ ಸೇರಿ, ಹೆಚ್ಚಿನ ಮಾರ್ಗಸೂಚಿಗಳ ಪ್ರಕಾರ 1200 ಮಿಲಿಗ್ರಾಂ. ಅಮೆರಿಕದ ತಜ್ಞರ ಸಮಿತಿ 2011ರಲ್ಲಿ 50 ದಾಟಿದವರಿಗೆ ಗೊತ್ತುಮಾಡಿದ ಮೇಲಿನ ಮಿತಿ 2000. ಅಂದರೆ ಕೊರತೆಗೆಂದು ಆರಂಭವಾದದ್ದು ಮಿತಿಯನ್ನೇ ದಾಟಿಹೋಗಿತ್ತು.

ಈ ಲೆಕ್ಕವನ್ನು ಕೇಳಿದ ಮೇಲೆ ಆಕೆ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ 9.4, ಸರಿಯಾಗಿದೆ ಎಂದು ವರದಿ ಹೇಳುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಮಾತ್ರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಯೊಂದಿಗೆ ಹೋಲಿಸಿದ ಅಂಕಿ, ಮೈನಸ್ 1.8, ಮೂಳೆ ತೆಳುವಾಗುತ್ತಿದೆ ಎಂದಿದೆ. ಎರಡರಲ್ಲಿ ಯಾವುದನ್ನು ನಂಬಬೇಕು? ಎರಡನ್ನೂ ನಂಬಬೇಕು ಎಂದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ; ಉಳಿದ ಶೇ 1ರಲ್ಲಿಯೇ ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ನರಗಳ ಸಂದೇಶ, ರಕ್ತ ಹೆಪ್ಪುಗಟ್ಟುವಿಕೆ ಎಲ್ಲವೂ ನಡೆಯಬೇಕು. ಆದ್ದರಿಂದ ರಕ್ತದ ಮಟ್ಟ ಸ್ವಲ್ಪ ಇಳಿದರೂ ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂಬದಿಗಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತವೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತವೆ, ಕರುಳು ಹೆಚ್ಚು ಹೀರಿಕೊಳ್ಳಲೆಂದು ಡಿ ಜೀವಸತ್ವವನ್ನು ಕಾರ್ಯರೂಪಕ್ಕೆ ತರಿಸುತ್ತವೆ. ಅಂಗಳದಲ್ಲಿ ಕಾಳು ಕಾಣುತ್ತಿದೆ ಎಂದಮಾತ್ರಕ್ಕೆ ಕಣಜ ತುಂಬಿದೆ ಎನ್ನಲಾಗದು. ಕಣಜದಿಂದ ತೆಗೆದೇ ಅಂಗಳಕ್ಕೆ ಸುರಿದಿರಬಹುದು. ಮುಟ್ಟು ನಿಂತ ಬಳಿಕದ ಮೊದಲ ಕೆಲವು ವರ್ಷಗಳಲ್ಲಿ ಈಸ್ಟ್ರೊಜೆನ್ ಕುಸಿಯುವುದರಿಂದ ಮೂಳೆ ಕರಗುವ ವೇಗ ಹೆಚ್ಚುತ್ತದೆ. ಎಷ್ಟು ಕ್ಯಾಲ್ಸಿಯಂ ನುಂಗಿದರೂ ಅದು ಪೂರ್ತಿಯಾಗಿ ನಿಲ್ಲುವುದಿಲ್ಲ. ಅವರ ಅಂಕಿ ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇತ್ತು, ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಹೋದಾಗ ಅದನ್ನು ಅಸ್ಥಿರಂಧ್ರತೆ (ಆಸ್ಟಿಯೊಪೊರೋಸಿಸ್) ಎನ್ನುತ್ತಾರೆ.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಅಂದು ನಾನು ಇನ್ನೂ ಮುಂದೆ ಹೋಗಿ 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವನ್ನು ವಿವರಿಸಿದೆ: ಮುಟ್ಟು ನಿಂತ 36,000ಕ್ಕೂ ಹೆಚ್ಚು ಮಹಿಳೆಯರು, ಸರಾಸರಿ 7 ವರ್ಷ, ಅರ್ಧದಷ್ಟು ಜನರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಐಯು (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಮಾನ) ಡಿ ಜೀವಸತ್ವ, ಸೊಂಟದ ಮೂಳೆಯ ಸಾಂದ್ರತೆ ಶೇ 1ರಷ್ಟು ಮೇಲಾಯಿತು, ಸೊಂಟದ ಮುರಿತ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ, ಮೂತ್ರಪಿಂಡದ ಕಲ್ಲುಗಳು ಶೇ 17ರಷ್ಟು ಹೆಚ್ಚಿದವು. ಪರಿಣಾಮ, ಮನೆಗೆ ಹೋದ ಆಕೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಬಿಟ್ಟರು. ವೈದ್ಯರು ಕೊರತೆ ಕಂಡು ಬರೆದುಕೊಟ್ಟಿದ್ದ ಡಿ ಜೀವಸತ್ವವನ್ನೂ ಬಿಟ್ಟರು. ಎರಡು ವಾರದ ಬಳಿಕ ಮಗಳು ಫೋನ್ ಮಾಡಿ, ಅಮ್ಮನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಮೂಳೆ ಕರಗುತ್ತಿದೆ ಎಂದು ಹೇಳುತ್ತಿರುತ್ತಾರೆ ಎಂದಾಗ ನನ್ನ ತಪ್ಪು ನನಗೆ ಅರ್ಥವಾಯಿತು. ಆ ಅಧ್ಯಯನದ ಇನ್ನೊಂದು ಸಂಗತಿಯನ್ನು ನಾನು ಹೇಳಿಯೇ ಇರಲಿಲ್ಲ: ಅದರಲ್ಲಿ ಭಾಗವಹಿಸಿದವರಿಗೆ ಮೊದಲೇ ದಿನಕ್ಕೆ ಸರಾಸರಿ 1100 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಸಿಗುತ್ತಿತ್ತು. ಅದಕ್ಕೆ ಎದುರಾಗಿ, 1992ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿದ್ದವರು ವೃದ್ಧಾಶ್ರಯಗಳಲ್ಲಿದ್ದ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಎರಡೂ ಸಾಲದಿದ್ದ ವೃದ್ಧೆಯರು. 1200 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಐಯು ಡಿ ಜೀವಸತ್ವ ಪಡೆದ ಗುಂಪಿನಲ್ಲಿ 18 ತಿಂಗಳಲ್ಲಿ ಸೊಂಟದ ಮುರಿತ ಶೇ 43ರಷ್ಟು ಕಡಿಮೆಯಾಯಿತು. ಇಲ್ಲದವರಿಗೆ ಕೊಟ್ಟದ್ದು ಕೆಲಸ ಮಾಡಿತು. ಇದ್ದವರಿಗೆ ಕೊಟ್ಟದ್ದರಲ್ಲಿ ಹೆಚ್ಚಿನ ಭಾಗ ವ್ಯರ್ಥವಾಯಿತು.

ಎರಡನೆಯ ಭೇಟಿಯಲ್ಲಿ ಅಂಕಿಗಳನ್ನು ಬದಿಗಿಟ್ಟು, ಮಾತ್ರೆ ನುಂಗಲು ಆರಂಭಿಸಿದ್ದು ಯಾವಾಗ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತಾಯಿ ತೀರಿಹೋದ ವಾರ ಎಂದರು. ರಾತ್ರಿ ಶೌಚಕ್ಕೆಂದು ಎದ್ದ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಅಂದಿನಿಂದ ಈಕೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು, ಸಂಜೆಯ ನಡಿಗೆಯನ್ನೂ ನಿಲ್ಲಿಸಿದ್ದರು. ಬಿದ್ದರೆ ಎಂಬ ಭಯ. ನಡೆಯದ ಕಾಲಿಗೆ ಮಾತ್ರೆ ಪರ್ಯಾಯವಾಗಿತ್ತು. ತಾಯಿಗಾದ ಸೊಂಟದ ಮುರಿತ ಮಕ್ಕಳ ಅಪಾಯದ ಲೆಕ್ಕದಲ್ಲಿ ನಿಜವಾಗಿಯೂ ಸೇರುತ್ತದೆ. ಹಾಗಾಗಿ ಅವರ ಭಯವನ್ನು ನಾನು ಭ್ರಮೆ ಎನ್ನಲಿಲ್ಲ, ಎನ್ನುವಂತೆಯೂ ಇರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಊಟದಿಂದ ಬರುವುದನ್ನು ಹೆಚ್ಚಿಸುವುದು, ಉಳಿದ ಕೊರತೆಗಷ್ಟೇ ಮಾತ್ರೆ. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ; ಒಂದು ಲೋಟ ಹಾಲು, ಇನ್ನೊಂದಿಷ್ಟು ಮೊಸರು, ಸಿಪ್ಪೆ ತೆಗೆಯದ ಎಳ್ಳು ಸೇರಿಸಿದರೆ ಅವರ ಊಟದ ಪಾಲು 1000ದ ಹತ್ತಿರ ಬರುತ್ತಿತ್ತು. ಪಾಲಕ್ ಸೊಪ್ಪನ್ನು ಅವರು ತುಂಬ ನಂಬಿದ್ದರು. ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಸೊಪ್ಪಿನಲ್ಲಿಯೇ ಇರುವ ಆಕ್ಸಲೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಶೇ 5ರಷ್ಟು, ಹಾಲಿನಿಂದಾದರೆ ಶೇ 30ರಷ್ಟು. ಸೊಪ್ಪನ್ನು ಬೇರೆ ಗುಣಗಳಿಗಾಗಿ ತಿನ್ನಿ, ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ ಎಂದೆ. ಕಲ್ಲಾಗುತ್ತದೆಂದು ಹಾಲು ಬಿಡಬೇಕೆ ಎಂದು ಮಗಳು ಕೇಳಿದರು. ಬೇಡ, ಊಟದ ಜೊತೆ ಬರುವ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲಿಯೇ ಕಟ್ಟಿಹಾಕುವುದರಿಂದ ಕಲ್ಲಿನ ಸಂಭವ ಕಡಿಮೆಯೇ ಆಗುತ್ತದೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ ಎಂಬುದನ್ನೂ ನೆನಪಿಸಿದೆ.

ಮಾತ್ರೆಯ ವಿಚಾರದಲ್ಲಿ ನಿರ್ಧಾರ ವೈದ್ಯರದು. ನಾನು ಬರೆದ ಲೆಕ್ಕವನ್ನು ಅವರಿಗೆ ಕಳುಹಿಸಿದೆ. ಅವರು ಒಂದು ಬಗೆಯನ್ನು ಪೂರ್ತಿ ನಿಲ್ಲಿಸಿ, ಇನ್ನೊಂದನ್ನು ದಿನಕ್ಕೆ ಅರ್ಧ ಮಾತ್ರೆಗೆ, ಅಂದರೆ 250 ಮಿಲಿಗ್ರಾಂಗೆ, ಇಳಿಸಿದರು. ಡಿ ಜೀವಸತ್ವವನ್ನು ಮುಂದುವರಿಸಿದರು. ಎದೆಯುರಿಗೆ ಬೇರೆ ಔಷಧ ಕೊಟ್ಟರು. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕಾದ್ದರಿಂದ ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಆಮ್ಲ ತಗ್ಗಿಸುವ ಔಷಧವನ್ನು ಬಹುಕಾಲ ಸೇವಿಸುವವರಿಗೆ ಸಿಟ್ರೇಟ್ ಹೊಂದುತ್ತದೆ. ಒಮ್ಮೆಗೆ 500 ಮಿಲಿಗ್ರಾಂ ದಾಟಿದರೆ ಹೀರಿಕೊಳ್ಳುವ ಪ್ರಮಾಣ ಕುಗ್ಗುತ್ತದೆ. ಇನ್ನು ಟಿಎಸ್‌ಎಚ್ ಏರಿದ್ದರ ಗುಟ್ಟು: ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಅರ್ಧ ಗಂಟೆಗೆ ಕ್ಯಾಲ್ಸಿಯಂ ನುಂಗುತ್ತಿದ್ದರು. ಎರಡೂ ಕರುಳಿನಲ್ಲಿ ಅಂಟಿಕೊಂಡು ಥೈರಾಯ್ಡ್ ಮಾತ್ರೆ ಸರಿಯಾಗಿ ಒಳಸೇರುತ್ತಿರಲಿಲ್ಲ. ಇವೆರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಿಬಯಾಟಿಕ್‌ಗಳು, ಅಸ್ಥಿರಂಧ್ರತೆಗೆ ಕೊಡುವ ಬಿಸ್‌ಫಾಸ್ಫೊನೇಟ್ ಮಾತ್ರೆಗಳಿಗೂ ಅಂತರ ಇಡಬೇಕಾಗುತ್ತದೆ.

ನಡಿಗೆಯ ಮಾತು ಎಲ್ಲಕ್ಕಿಂತ ಕಷ್ಟವಾಯಿತು. ಭಾರ ಬಿದ್ದಾಗಲೇ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಕಾಲಿನ ಸ್ನಾಯು ಸೊರಗಿದರೆ ಬೀಳುವುದೇ ಸುಲಭವಾಗುತ್ತದೆ. ಇದನ್ನು ಒಪ್ಪಿದರೂ ಹೊಸ್ತಿಲು ದಾಟಲು ಅವರಿಗೆ ಧೈರ್ಯವಿರಲಿಲ್ಲ. ಫಿಸಿಯೊಥೆರಪಿಸ್ಟ್ ಒಬ್ಬರ ನೆರವಿನಿಂದ ಕುರ್ಚಿಯನ್ನು ಹಿಡಿದು ಎದ್ದು ಕೂರುವುದು, ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುವುದು, ಹೀಗೆ ಮನೆಯೊಳಗಿನಿಂದ ಆರಂಭಿಸಿದೆವು. ಹಾಸಿಗೆಯಿಂದ ಶೌಚಗೃಹದವರೆಗೆ ರಾತ್ರಿ ದೀಪ ಉರಿಯಲಿ, ದಾರಿಯಲ್ಲಿ ಹಾಸು ಚಾಪೆಗಳು ಬೇಡ ಎಂದಾಗ ಆಕೆ ಅತ್ತರು. ತಾಯಿಯ ಮನೆಯಲ್ಲಿ ಆ ದೀಪ ಇರಲಿಲ್ಲ.

ಎಂಟು ವಾರಗಳ ನಂತರ ಟಿಎಸ್‌ಎಚ್ ಹಳೆಯ ಪ್ರಮಾಣದ ಔಷಧದಲ್ಲಿಯೇ ಹತೋಟಿಗೆ ಬಂತು, ಮಲಬದ್ಧತೆ ಹೋಯಿತು. ಮೂಳೆಯ ಸಾಂದ್ರತೆ ಇಷ್ಟು ಬೇಗ ಬದಲಾಗುವಂಥದ್ದಲ್ಲವಾದ್ದರಿಂದ ಎರಡು ವರ್ಷದ ಬಳಿಕ ಮತ್ತೆ ಸ್ಕ್ಯಾನ್ ಎಂದು ವೈದ್ಯರು ಹೇಳಿದ್ದಾರೆ. ಮೂರನೆಯ ಭೇಟಿಗೆ ಆಕೆ ಮೆಟ್ಟಿಲು ಹತ್ತಿ ಬಂದಿದ್ದರು, ಮಗಳ ತೋಳು ಹಿಡಿದು. ಏಳುವ ಹೊತ್ತಿಗೆ ಮಗಳು, ತನಗೀಗ 28, ತಾನೂ ಈಗಿನಿಂದಲೇ ಮಾತ್ರೆ ಆರಂಭಿಸಲೇ ಎಂದು ಕೇಳಿದರು. ಮೂಳೆಯ ಗರಿಷ್ಠ ಸಂಚಯ 30ರ ಸುಮಾರಿಗೆ ಮುಗಿಯುವುದರಿಂದ ಪ್ರಶ್ನೆ ಸಕಾಲಿಕವೇ. ಉತ್ತರ ಕೊಡುವ ಮೊದಲು ಮೂರು ದಿನ ಏನೇನು ತಿಂದಿರಿ ಎಂಬುದನ್ನು ಬರೆದು ತನ್ನಿ ಎಂದು ಹೇಳಿ, ಅವರಿಗೆ ಬೇರೆ ದಿನ ಗೊತ್ತುಮಾಡಿದೆ.