ಬೆಟ್ಟ ಇಳಿದ ಮೇಲೆ ಬಂದ ತೊಡೆನೋವು

ಪ್ರಶ್ನೆ: ನನಗೆ 52 ವರ್ಷ. ಕಳೆದ ಭಾನುವಾರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳ ಮೂಲಕ ಹತ್ತಿ ಇಳಿದೆ. ಅಂದು ಏನೂ ಅನ್ನಿಸಲಿಲ್ಲ. ಮಂಗಳವಾರ ಕುರ್ಚಿಯಿಂದ ಏಳಲು ಕಷ್ಟವಾಗುವಷ್ಟು ತೊಡೆನೋವು. ಕೊಲೆಸ್ಟರಾಲ್‌ಗಾಗಿ ಸ್ಟ್ಯಾಟಿನ್ ಮಾತ್ರೆ ಸೇವಿಸುತ್ತಿದ್ದೇನೆ. ವೈದ್ಯರನ್ನು ಕಾಣಬೇಕೆ?
— ಓದುಗರು, ಮೈಸೂರು

ಉತ್ತರ: ನಿಮ್ಮನ್ನು ಹೆಚ್ಚು ನೋಯಿಸಿರುವುದು ಹತ್ತಿದ್ದಲ್ಲ, ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕಾಗುವುದರಿಂದ ಅವುಗಳ ಎಳೆಗಳಿಗೆ ಅತಿಸೂಕ್ಷ್ಮ ಹಾನಿಯಾಗುತ್ತದೆ; ಅದರ ದುರಸ್ತಿಯ ಭಾಗವಾದ ಉರಿಯೂತವೇ ಎರಡು ಮೂರು ದಿನಗಳಲ್ಲಿ ನೋವಾಗಿ ತಲೆದೋರುತ್ತದೆ. ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಹೀಗಾಗುತ್ತದೆಂಬ ಮಾತು ಜಿಮ್‌ಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆಯಾದರೂ, ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ಇಳಿದುಹೋಗಿರುತ್ತದೆ. ನಿಧಾನ ನಡಿಗೆ ಸಾಕು. ಸಾಮಾನ್ಯವಾಗಿ ವಾರದೊಳಗೆ ನೋವು ಶಮನವಾಗುತ್ತದೆ.

ಆದರೆ ಮೂತ್ರವು ಹಾಲು ಬೆರೆಸದ ಚಹಾದಂತೆ ಕಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತೀವ್ರವಾಗಿ ಹಾನಿಗೊಂಡ ಸ್ನಾಯುಗಳಿಂದ ಸೋರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಒಂದೇ ಮೀನಖಂಡ ಊದಿಕೊಂಡು ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿರುತ್ತದೆ. ಜೊತೆಗೆ ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ಕಾಯಬಾರದು. ಕಾಲುಗಳ ಬಲ ಕುಂದಿದರೆ, ಜ್ವರ ಬಂದರೆ, ಅಥವಾ ವಾರ ಕಳೆದರೂ ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಿ.

ಸ್ಟ್ಯಾಟಿನ್‌ನಿಂದಲೂ ಎರಡೂ ತೊಡೆಗಳಲ್ಲಿ ನೋವು ಬರುವುದುಂಟು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ, ಹಾನಿಗೊಂಡ ಸ್ನಾಯುಗಳಿಂದ ರಕ್ತಕ್ಕೆ ಸೋರುವ ಕಿಣ್ವ) ರಕ್ತಪರೀಕ್ಷೆ ಬರೆದುಕೊಟ್ಟರೆ ಬೆಟ್ಟ ಹತ್ತಿ ಇಳಿದ ಸಂಗತಿಯನ್ನು ಅವರಿಗೆ ತಪ್ಪದೆ ತಿಳಿಸಿ, ಏಕೆಂದರೆ ಆ ಶ್ರಮವೊಂದೇ ಸಿಕೆ ಪ್ರಮಾಣವನ್ನು ಕೆಲವು ದಿನ ಏರಿಸಿಡಬಲ್ಲದು.