ಕಂಬಳಿಯೊಳಗಿನ ಬೆಳಕು

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ತೋಟದ ಮನೆಯಿಂದ ಪತ್ರ ಬರೆದ ತಾಯಿಯವರಿಗೆ, ನಮಸ್ಕಾರ.

ಒಂಬತ್ತನೇ ತರಗತಿಯ ಮಗ ರಾತ್ರಿ ಒಂದು ಗಂಟೆಯಾದರೂ ಮಲಗುವುದಿಲ್ಲ, ಕಂಬಳಿಯೊಳಗಿಂದ ಮೊಬೈಲಿನ ಬೆಳಕು ಕಾಣುತ್ತದೆ, ಕಿತ್ತುಕೊಂಡರೆ ಊಟ ಬಿಡುತ್ತಾನೆ, ಇದು ಚಟವೇ ಎಂದು ಕೇಳಿದ್ದೀರಿ.

ಚಟವೆಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ವಿಶ್ವ ಆರೋಗ್ಯ ಸಂಸ್ಥೆಯು ಗೇಮಿನ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆಯಾದರೂ, ಬದುಕಿನ ಉಳಿದೆಲ್ಲವನ್ನೂ ಅದು ನುಂಗಿ ಸಾಮಾನ್ಯವಾಗಿ 12 ತಿಂಗಳಾದರೂ ಕಳೆದಿರಬೇಕೆನ್ನುತ್ತದೆ. ನನ್ನನ್ನು ತಟ್ಟಿದ್ದು ತಮ್ಮ ಪತ್ರದ ಬೇರೊಂದು ಸಾಲು: ಶಾಲೆಯ ಬಸ್ಸು ಏಳಕ್ಕೆಲ್ಲ ಗೇಟಿನ ಬಳಿ ಬರುತ್ತದೆ ಎಂಬುದು. ಒಂದಕ್ಕೆ ಮಲಗಿ ಆರಕ್ಕೆ ಏಳುವ ಹುಡುಗನಿಗೆ ಸಿಗುವುದು 5 ಗಂಟೆಯ ನಿದ್ದೆ. ಆ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ. ಹಗಲು ಓದಿದ್ದು ಮನಸ್ಸಿನಲ್ಲಿ ನೆಲೆಯೂರುವುದಕ್ಕೂ ನಿದ್ದೆ ಬೇಕು. ಗಣಿತ ತಲೆಗೆ ಹತ್ತುತ್ತಿಲ್ಲ ಎಂಬ ಶಿಕ್ಷಕರ ದೂರಿಗೆ ಅವನ ದಡ್ಡತನಕ್ಕಿಂತ ಈ ಲೆಕ್ಕವೇ ಕಾರಣವಿದ್ದೀತು.

ಫೋನ್ ಅವನ ಕೈಗೆ ಬಂದದ್ದಾದರೂ ಹೇಗೆ? 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಜಿಲ್ಲೆಯ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದರು. ನಾವೇ ಸಾಲ ಮಾಡಿ ಫೋನ್ ಕೊಡಿಸಿದೆವು. ಶಾಲೆ ತೆರೆದರೂ ಹೋಂವರ್ಕ್ ವಾಟ್ಸ್‌ಆ್ಯಪ್‌ನಲ್ಲೇ ಉಳಿಯಿತು. ಗ್ರಾಮೀಣ ಭಾರತದಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16ರ ವಯಸ್ಸಿನವರ ಪೈಕಿ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76 ಎಂದು ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ತಿಳಿಸುತ್ತದೆ. ಇದರ ಮೇಲೆ ನಮ್ಮ ತೋಟದ ಮನೆಗಳ ಒಂಟಿತನವೂ ಇದೆ. ಪಕ್ಕದ ಮನೆಗೆ ಅರ್ಧ ಮೈಲು, ಸಂಜೆಯಾದರೆ ಆನೆಯ ಭಯ, ಜೂನ್‌ನಿಂದ ಬಿಡದ ಮಳೆ. ಹುಡುಗನಿಗೆ ಗೆಳೆಯರ ಜಗಲಿಯೂ ಆ ಫೋನೇ. ಆದ್ದರಿಂದಲೇ ಅದನ್ನು ಕಿತ್ತುಕೊಳ್ಳಬೇಡಿ ಎನ್ನುತ್ತೇನೆ.

ರಾತ್ರಿ ಒಂಬತ್ತೂವರೆಯ ನಂತರ ಮನೆಯ ಎಲ್ಲ ಫೋನುಗಳೂ ಅಡುಗೆಮನೆಯಲ್ಲಿ ಚಾರ್ಜಿಗಿರಲಿ; ಕಾಫಿ ದರ ನೋಡುವ ಯಜಮಾನರದ್ದೂ ಸೇರಿ, ಇಲ್ಲವಾದರೆ ಈ ನಿಯಮ ಎರಡು ದಿನವೂ ಬಾಳದು. ಹೋಂವರ್ಕನ್ನು ಡೈರಿಯಲ್ಲೇ ಬರೆಸುವಂತೆ ಪೋಷಕರ ಸಭೆಯಲ್ಲಿ ಕೇಳಿ, ಒಬ್ಬರೇ ಅಲ್ಲ, ನಾಲ್ವರು ಸೇರಿ. ಊಟ ಬಿಡುವುದು, ಸಿಡಿಮಿಡಿ ವಾರಗಟ್ಟಲೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಬೆಳಿಗ್ಗೆ ಅಲಾರಂಗೆ ಫೋನ್ ಬೇಕೆಂದು ಅವನು ಹಟ ಹಿಡಿದಾನು, ಗೋಣಿಕೊಪ್ಪಲಿಗೆ ಹೋದಾಗ ಒಂದು ಟೈಂಪೀಸ್ ತಂದಿಡಿ.

— ಸಂಪಾದಕ