ಇಲಿಗೆ ಫಿಟ್ಸ್ ನಿಂತರೆ ಮದ್ದು ಸಿಕ್ಕಿದ ಹಾಗಾ?

ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ ನಾವೆಲ್ಲ ತಿನ್ನುವ ಮದ್ದುಸೊಪ್ಪಿನ ಸಾರ ಕೊಟ್ಟಾಗ ಇಲಿಗೆ ಫಿಟ್ಸ್ ನಿಂತರೆ, ಅದನ್ನೇ ಫಿಟ್ಸ್ ಇರುವ ಅಣ್ಣನ ಮಗನಿಗೂ ಕೊಡಬಹುದಲ್ವಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವನು, ಫಾರ್ಮಕಾಲಜಿ (ಔಷಧ ವಿಜ್ಞಾನ) ಪಾಠ ಮಾಡುತ್ತೇನೆ. ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಮದ್ದು ಫಿಟ್ಸ್ ತಡೆಯುತ್ತದಾ ಅಂತ ನೋಡುವ ಹಳೆಯ ಪರೀಕ್ಷೆಗಳು ಎರಡು. ಒಂದರಲ್ಲಿ ಇಲಿಯ ಕಿವಿಗೋ ಕಣ್ಣಿಗೋ 0.2 ಸೆಕೆಂಡ್ ಕರೆಂಟ್ ಕೊಡುತ್ತಾರೆ. ಹಿಂಗಾಲು ಕಡ್ಡಿಯಂತೆ ಸೆಟೆದು ಹಿಂದಕ್ಕೆ ಚಾಚುತ್ತದೆ. ಸಾರ ಕುಡಿದ ಇಲಿಗೆ ಕಾಲು ಸೆಟೆಯದಿದ್ದರೆ ಅದು ಬಚಾವ್ ಅಂತ ಲೆಕ್ಕ. ಫೆನಿಟಾಯಿನ್ ಫಿಟ್ಸ್‌ಗೆ ಮದ್ದು ಅಂತ ಗೊತ್ತಾಗಿದ್ದೇ 1930ರ ದಶಕದಲ್ಲಿ ಬೆಕ್ಕುಗಳ ಮೇಲೆ ಹೀಗೆ ಕರೆಂಟ್ ಕೊಟ್ಟು ನೋಡಿ. ಇನ್ನೊಂದರಲ್ಲಿ ಪಿಟಿಝಡ್ ಅನ್ನುವ, ಫಿಟ್ಸ್ ಬರಿಸುವ ರಾಸಾಯನಿಕ ಚುಚ್ಚಿ, ಮೊದಲ ಸಲ ಮೈ ಅದುರುವುದು ಯಾವಾಗ ಅಂತ ನೋಡುತ್ತಾರೆ. ಇದಕ್ಕೆಲ್ಲ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಎಡವಟ್ಟಾಗುವುದು ಇಲ್ಲೇ. ಸಾರ ಕುಡಿದ ಇಲಿ ಮಂಪರಾಗಿ ಮೂಲೆ ಹಿಡಿದರೂ ಫಿಟ್ಸ್ ಕಮ್ಮಿಯಾದಂತೆ ಕಾಣಬಹುದು. ಅದಕ್ಕೇ ತಿರುಗುವ ದಂಡದ ಮೇಲೆ ಬಿಟ್ಟು, ಬೀಳದೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಬೇಕು. ಈ ದಂಡದ ಪರೀಕ್ಷೆಯ (ರೋಟರಾಡ್) ಲೆಕ್ಕ ಇಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ. ಇನ್ನೊಂದು ತಮಾಷೆ ನೋಡಿ: ಇವತ್ತು ಡಾಕ್ಟರ್‌ಗಳು ದಿನಾ ಬರೆಯುವ ಫಿಟ್ಸ್ ಮಾತ್ರೆ ಲೆವೆಟಿರಾಸೆಟಮ್ ಮಾಮೂಲಿ ಇಲಿಗಳ ಮೇಲೆ ಈ ಎರಡೂ ಪರೀಕ್ಷೆಯಲ್ಲಿ ಫೇಲ್!

ಡೋಸ್ ಲೆಕ್ಕವನ್ನೂ ಹಾಕಿ. ಸುಂಡಿಲಿಗೆ (ಮೌಸ್) ಮೈತೂಕದ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟರು ಅನ್ನಿ. ಮನುಷ್ಯರಿಗೆ ಅದನ್ನು ಸುಮಾರು 12ರಿಂದ ಭಾಗಿಸಬೇಕು. 60 ಕಿಲೋ ಆಳಿಗೆ ದಿನಕ್ಕೆ 2 ಗ್ರಾಂ ಸಾರ. 100 ಗ್ರಾಂ ಒಣ ಎಲೆಗೆ 10 ಗ್ರಾಂ ಸಾರ ಇಳಿದರೂ 20 ಗ್ರಾಂ ಒಣ ಎಲೆ ಆಯಿತು, ಅದೂ ಪ್ರತಿದಿನ. ವರ್ಷಕ್ಕೊಮ್ಮೆ ಪಾಯಸದಲ್ಲಿ ತಿಂದು ಏನೂ ಆಗಲಿಲ್ಲ ಅನ್ನುವುದು ಇದಕ್ಕೆ ಸಾಕ್ಷಿಯಾಗುವುದಿಲ್ಲ.

ಹುಡುಗನ ಮಾತ್ರೆಯನ್ನಂತೂ ಸುಮ್ನೆ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಈಗಾಗಲೇ ಯಾವುದಾದರೂ ಸೊಪ್ಪಿನ ರಸ ಕೊಡುತ್ತಿದ್ದರೆ ನರರೋಗದ ಡಾಕ್ಟರ್ ಹತ್ತಿರ ಮುಚ್ಚಿಡದೆ ಹೇಳಿ. ಕೆಲವು ಗಿಡಮೂಲಿಕೆಗಳು ರಕ್ತದಲ್ಲಿ ಮಾತ್ರೆಯ ಮಟ್ಟವನ್ನೇ ಏರುಪೇರು ಮಾಡುತ್ತವೆ.